ವಿಷಾನ್ನವೂ ಹಿಟ್ಟಿನ ಕೋಳಿಯೂ

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯನ್ನು ವಿಮರ್ಶಕರು ಬಹುಮಟ್ಟಿಗೆ ಎರಡು ದೃಷ್ಟಿಗಳಿಂದ ನೋಡುತ್ತ ಬಂದಿದ್ದಾರೆ: ಅಮೃತಮತಿಯ ಪರಪುರುಷಾನುರಾಗ ಒಂದು, ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಹಿಂಸೆ ಮತ್ತೊಂದು. ಇವೆರಡರ ನಡುವೆ ಒಂದು ಪ್ರಸಂಗವು ಮರೆಗೆ ಸರಿದಿದೆ. ಯಶೋಧರನೂ ಅವನ ತಾಯಿ ಚಂದ್ರಮತಿಯೂ ಸಾಯುವುದು ಖಡ್ಗದಿಂದಲ್ಲ, ಅಮೃತಮತಿಯು ಉಣಬಡಿಸಿದ ವಿಷಾನ್ನದಿಂದ. ಮರುಜನ್ಮದಲ್ಲಿ ಮಗನು ನವಿಲಾಗಿ, ತಾಯಿಯು ನಾಯಿಯಾಗಿ ಹುಟ್ಟಿ ಅದೇ ಅರಮನೆಗೆ ಬರುತ್ತಾರೆ. ನಾಯಿಯು ನವಿಲನ್ನು ಕೊಲ್ಲುತ್ತದೆ. ಯಶೋಮತಿಯ ಹೊಡೆತಕ್ಕೆ ನಾಯಿಯೂ ಬಲಿಯಾಗುತ್ತದೆ. ತಾನು ಕೊಂದದ್ದು ತನ್ನ ಅಜ್ಜಿಯನ್ನೆಂಬುದನ್ನು ಆ ಅರಸನು ಅರಿಯನು.

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸಿರುವ ಶ್ರಾವಕರು ಈ ಪ್ರಸಂಗವನ್ನು ಇಂದು ಮತ್ತೆ ಓದತಕ್ಕದ್ದು. ಬೀದಿನಾಯಿಗಳಿಗೆ ವಿಷವಿಕ್ಕಿದ ದೂರುಗಳು ನಮ್ಮ ನಗರದ ಪೊಲೀಸ್ ಠಾಣೆಗಳಿಗೆ ಹೊಸವಲ್ಲ. ಹಸಿದ ಪ್ರಾಣಿಯು ನಂಬಿ ಬಾಯಿಡುವ ಅನ್ನವನ್ನೇ ಆಯುಧವಾಗಿಸುವುದು ಈ ಕೃತ್ಯದ ವಿಶೇಷ ಕ್ರೌರ್ಯ. ಅನ್ನಪಾನನಿರೋಧವನ್ನೇ ಅಹಿಂಸಾಣುವ್ರತದ ಅತಿಚಾರವೆಂದು ಎಣಿಸಿದ ಶಾಸ್ತ್ರವು ಇದನ್ನು ಏನೆಂದೀತು?

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. 1860ರ ದಂಡಸಂಹಿತೆಯ 428ನೇ ಕಲಮು ಹತ್ತು ರೂಪಾಯಿ, 429ನೇ ಕಲಮು ಐವತ್ತು ರೂಪಾಯಿ ಎಂದು ಪ್ರಾಣಿಯ ಬೆಲೆ ಕಟ್ಟಿ ಶಿಕ್ಷೆಯನ್ನು ಅಳೆಯುತ್ತಿದ್ದವು. ವ್ಯಾಪಾರಿಯಾದ ನನಗೂ ಜೀವಕ್ಕೆ ಕಟ್ಟಿದ ಈ ದರ ಸರಿಕಾಣದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಆ ದರಪಟ್ಟಿಯನ್ನು ಕೈಬಿಟ್ಟು, ಯಾವ ಪ್ರಾಣಿಗೆ ವಿಷವಿಕ್ಕಿದರೂ ಐದು ವರ್ಷಗಳವರೆಗಿನ ಸೆರೆವಾಸ, ಇಲ್ಲವೆ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ ಗರಿಷ್ಠ ದಂಡ ಇಂದಿಗೂ ಐವತ್ತು ರೂಪಾಯಿ.

ಪೊಲೀಸರ ಶ್ರಮವು ಸೋಲುವುದು ಸಾಕ್ಷ್ಯದಲ್ಲಿ. ರಾತ್ರಿ ಇಟ್ಟ ವಿಷಕ್ಕೆ ನೋಡಿದವರಿಲ್ಲ. ಬೆಳಗಾಗುವಷ್ಟರಲ್ಲಿ ಕಳೇಬರವನ್ನು ಸಾಗಿಸಲಾಗಿರುತ್ತದೆ. 2021ರ ಸೆಪ್ಟೆಂಬರಿನಲ್ಲಿ ಭದ್ರಾವತಿ ತಾಲ್ಲೂಕಿನ ಕಂಬದಾಳು-ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ನಾಯಿಗಳನ್ನು ಕೊಂದು ಹೂಳಲಾಗಿದೆ ಎಂಬ ದೂರು ಬಂದಾಗ, ಕಳೇಬರಗಳನ್ನು ಹೊರತೆಗೆಸಿ ಪರೀಕ್ಷಿಸಬೇಕಾಯಿತು. ಹೂಳುವ ಮುನ್ನವೇ ಠಾಣೆಗೆ ತಿಳಿಸಿ, ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಅವಯವಗಳ ಮಾದರಿಯನ್ನು ಮಡಿವಾಳದ ನ್ಯಾಯವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸಿದರೆ ಮಾತ್ರ ಮೊಕದ್ದಮೆ ನಿಂತೀತು.

ಜನ್ನನ ಕಾವ್ಯದ ಬಲವೂ ಮಿತಿಯೂ ಇಲ್ಲಿಯೇ ಗೋಚರಿಸುತ್ತವೆ. ಕಾನೂನು ವಿಷವಿಟ್ಟ ಕೈಯನ್ನು ಹುಡುಕುತ್ತದೆ. ಕಾವ್ಯವು ಒಪ್ಪಿದ ಮನಸ್ಸನ್ನು ಹುಡುಕುತ್ತದೆ. ಕೋಳಿಯನ್ನು ಕಡಿದವನು ಯಶೋಧರ, ಕಡಿಯಿಸಿದವಳು ಚಂದ್ರಮತಿ; ಭವಾವಳಿಯಲ್ಲಿ ಇಬ್ಬರೂ ಸಮಪಾಲಿಗರು. ಕೃತ, ಕಾರಿತ, ಅನುಮೋದನಗಳ ತತ್ತ್ವವನ್ನು ಇದಕ್ಕಿಂತ ಮನಮುಟ್ಟುವಂತೆ ಹೇಳಿದ ಕನ್ನಡ ಕಾವ್ಯ ವಿರಳ. “ಏನಾದರೂ ಮಾಡಿ ಈ ಕಾಟ ತಪ್ಪಿಸಪ್ಪ” ಎಂದು ಕಾವಲುಗಾರನಿಗೆ ಹೇಳುವ ಸಂಘದ ಪದಾಧಿಕಾರಿಯೂ, ಕೇಳಿ ಸುಮ್ಮನಿರುವ ನೆರೆಯವರೂ ಈ ಲೆಕ್ಕದಿಂದ ಹೊರಗಿಲ್ಲ. ಆದರೆ ಅಮೃತಮತಿಯ ಅಪರಾಧಕ್ಕೆ ಅರಮನೆಯಲ್ಲಿ ವಿಚಾರಣೆಯಿಲ್ಲ. ಕವಿಯು ಅವಳನ್ನು ಕರ್ಮಫಲಕ್ಕೆ ಒಪ್ಪಿಸಿಬಿಡುತ್ತಾನೆ. ಕಾವ್ಯಕ್ಕೆ ಅದು ಸಾಕು, ನಾಗರಿಕನಿಗೆ ಸಾಲದು.

ನಾಯಿಗಳ ಭಯವು ಸುಳ್ಳಲ್ಲ. 2007ರಲ್ಲಿ ಇದೇ ನಗರದಲ್ಲಿ ಎರಡು ಎಳೆಯ ಜೀವಗಳು ನಾಯಿಗಳ ದಾಳಿಗೆ ಬಲಿಯಾದವು. ಮೇಲೆರಗಿದ ನಾಯಿಯನ್ನು ತಡೆಯುವುದು ವಿರೋಧಿಹಿಂಸೆ. ಗೃಹಸ್ಥನಿಗೆ ಅದು ಕ್ಷಮ್ಯ. ಮರುದಿನ ಬೀದಿಯ ನಾಯಿಗಳಿಗೆಲ್ಲ ಮಾಂಸದಲ್ಲಿ ವಿಷ ಬೆರೆಸುವುದು ಸಂಕಲ್ಪಿಹಿಂಸೆ. ಅದಕ್ಕೆ ಆ ಹೆಸರಿನ ಮರೆ ಸಲ್ಲದು. ಸರ್ವೋಚ್ಚ ನ್ಯಾಯಾಲಯವು 2025ರ ನವೆಂಬರ್ 7ರಂದು ಶಾಲೆ, ಆಸ್ಪತ್ರೆಗಳ ಆವರಣದಿಂದ ನಾಯಿಗಳನ್ನು ಆಶ್ರಯತಾಣಕ್ಕೆ ಸಾಗಿಸಲು ಆದೇಶಿಸಿತೇ ಹೊರತು ಕೊಲ್ಲಲು ಅಲ್ಲ.

ವಿಷವನ್ನು ಒದಗಿಸುವುದು ಹಿಂಸಾದಾನವೆಂಬ ಅನರ್ಥದಂಡ. ನಮ್ಮ ಅಂಗಡಿಕಾರರು ಇಲಿಪಾಷಾಣ, ಕೀಟನಾಶಕ ಮಾರುವಾಗ ಇದನ್ನು ನೆನೆಯಲಿ. ಬಸದಿಯ ಟ್ರಸ್ಟುಗಳು ಜೀವದಯೆಗೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ತಮ್ಮ ಬೀದಿಯ ನಾಯಿಗಳ ಸಂತಾನಹರಣ ಚಿಕಿತ್ಸೆಗೂ ಹುಚ್ಚುನಾಯಿ ರೋಗದ ಲಸಿಕೆಗೂ ಮೀಸಲಿಡಲಿ. ವಿಷಪ್ರಕರಣ ಕಂಡಾಗ ದೂರಿಗೆ ಮೊದಲ ಸಹಿ ಟ್ರಸ್ಟಿನದೇ ಆಗಲಿ.