ನೀರು ಬಿಡಲ್ಲ ಅಂತಾದ್ರೂ ಹೇಳ್ರಪ್ಪ

ಡಿಸೆಂಬರ್ ಎರಡನೇ ವಾರ ಬ್ರೂಸ್‌ಪೇಟೆಯ ಅಕ್ಕನ ಮನೆಗೆ ಹೋಗಿದ್ದೆ. ಬೆಂಗಳೂರಿನಿಂದ ರಾತ್ರಿ ಹೊರಟು ಬೆಳಗ್ಗೆ ಬಂದಿಳಿದವನಿಗೆ ಬ್ಯಾಗ್ ಕೆಳಗಿಡೋಕೂ ಬಿಡದೆ ಅಕ್ಕನ ಮಗ ಕೇಳಿದ, "ಮಾಮ, ಐಎಸ್‌ಎಲ್ ಯಾವಾಗ ಶುರುವಾಗ್ತೈತಿ?" ಏಳನೇ ಕ್ಲಾಸು. ಮೈಮೇಲೆ ಬೆಂಗಳೂರು ಎಫ್‌ಸಿಯ ನೀಲಿ ಜರ್ಸಿ, ಬೆನ್ನಿಗೆ 11. ಕಂಠೀರವಕ್ಕೆ ಮ್ಯಾಚ್ ನೋಡೋಕೆ ಹೋದಾಗ ನಾನೇ ಕೊಂಡು ತಂದದ್ದು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಬಿಡಿ, ಆ ಹೊತ್ತಿಗೆ ದೇಶದಲ್ಲಿ ಯಾರ ಹತ್ತಿರವೂ ಇರಲಿಲ್ಲ. ಡಿಸೆಂಬರ್ 7ಕ್ಕೆ ಗೋವಾದಲ್ಲಿ ಸೂಪರ್ ಕಪ್ ಫೈನಲ್ ಮುಗಿದಿತ್ತು. ಮರುದಿನ, 8ಕ್ಕೆ, ಇಡೀ ಐಎಸ್‌ಎಲ್ ನಿಂತಿದ್ದ ಕರಾರೇ ಮುಗಿದುಹೋಗಿತ್ತು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳ್ತೀನಿ. 2010ರ ಡಿಸೆಂಬರ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ, ಅಂದ್ರೆ ಎಐಎಫ್‌ಎಫ್, ತನ್ನ ವಾಣಿಜ್ಯ ಹಕ್ಕುಗಳನ್ನೆಲ್ಲ 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ, ಐಎಂಜಿ-ರಿಲಯನ್ಸ್‌ಗೆ ಬರೆದುಕೊಟ್ಟಿತು. ನಮ್ಮ ಕಡೆ ಹೊಲ ಗುತ್ತಿಗೆಗೆ ಕೊಡ್ತಾರಲ್ಲ, ಹಾಗೆ. ಮುಂದೆ ಆ ಗುತ್ತಿಗೆ ಎಫ್‌ಎಸ್‌ಡಿಎಲ್ ಅನ್ನೋ ಕಂಪನಿಯ ಕೈಗೆ ಬಂತು. 2014ರಲ್ಲಿ ಐಎಸ್‌ಎಲ್ ಶುರು ಮಾಡಿದ್ದು, ನಡೆಸಿದ್ದು ಅವರೇ. ವರ್ಷಕ್ಕೆ ಸುಮಾರು 50 ಕೋಟಿ ಒಕ್ಕೂಟಕ್ಕೆ ಬರ್ತಿತ್ತು. ಒಕ್ಕೂಟದ ಮನೆ ನಡೀತಿದ್ದದ್ದು ಬಹುಪಾಲು ಅದರ ಮೇಲೆ.

ಗುತ್ತಿಗೆ ಮುಗಿಯೋ ತಾರೀಖು ಸಹಿ ಹಾಕಿದ ದಿನವೇ ಗೊತ್ತಿತ್ತು. ಆದರೆ ಹೊಲದ ಯಜಮಾನರು ಕೋರ್ಟಿನಲ್ಲಿದ್ದರು. ಒಕ್ಕೂಟದ ಚುನಾವಣೆ ಸರಿಯಾಗಿ ನಡೆದಿಲ್ಲ ಅಂತ 2017ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಹೊಸ ಸಂವಿಧಾನ ಬರೀಬೇಕು ಅಂತಾಯ್ತು. 2022ರ ಆಗಸ್ಟಿನಲ್ಲಿ ಹೊರಗಿನವರ ಹಸ್ತಕ್ಷೇಪ ಅಂತ ಫಿಫಾ ಭಾರತವನ್ನೇ ಹತ್ತು ಹನ್ನೊಂದು ದಿನ ಅಮಾನತಿನಲ್ಲಿಟ್ಟಿತು. ಸೆಪ್ಟೆಂಬರ್‌ನಲ್ಲಿ ಕಲ್ಯಾಣ್ ಚೌಬೆ 33-1 ಮತಗಳಿಂದ ಬೈಚುಂಗ್ ಭುಟಿಯಾರನ್ನು ಸೋಲಿಸಿ ಅಧ್ಯಕ್ಷರಾದರು. ಸಂವಿಧಾನ ಮಾತ್ರ ಅಂತಿಮವಾಗಲಿಲ್ಲ. ಅದು ಆಗೋವರೆಗೂ ಹೊಸ ಕರಾರು ಮಾಡ್ಕೋಬೇಡಿ ಅಂತ 2025ರ ಏಪ್ರಿಲ್‌ನಲ್ಲಿ ಕೋರ್ಟ್ ಹೇಳಿತು. ಜುಲೈ 11ಕ್ಕೆ, ಈ ಸಲದ ಸೀಸನ್ ತಡೆಹಿಡಿದಿದ್ದೇವೆ ಅಂತ ಎಫ್‌ಎಸ್‌ಡಿಎಲ್ ಕ್ಲಬ್‌ಗಳಿಗೆ ಬರೆಯಿತು.

ಇದರ ಬಿಸಿ ಮೊದಲು ಯಾರಿಗೆ ತಟ್ಟಿತು ನೋಡಿ. ಆಗಸ್ಟ್ 4ಕ್ಕೆ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿತು. ಅದೇ ಏಪ್ರಿಲ್‌ನಲ್ಲಿ ಐಎಸ್‌ಎಲ್ ಫೈನಲ್ ಆಡಿ ಮೋಹನ್ ಬಗಾನ್‌ಗೆ 2-1ರಲ್ಲಿ ಸೋತು ಬಂದ ತಂಡ ಅದು. ಫೈನಲ್ ಆಡಿ ನಾಲ್ಕು ತಿಂಗಳಾಗಿರಲಿಲ್ಲ.

ಐಟಿಯಲ್ಲಿ ಪ್ರಾಜೆಕ್ಟ್ ಇಲ್ಲದಾಗ ಬೆಂಚ್ ಮೇಲೆ ಕೂರಿಸ್ತಾರೆ. ನಾನೂ ಒಂದು ಸಲ ನಾಲ್ಕು ತಿಂಗಳು ಕೂತಿದ್ದೆ. ಸಂಬಳ ಬರ್ತಿತ್ತು, ಆದ್ರೂ ರಾತ್ರಿ ನಿದ್ದೆ ಬರ್ತಿರಲಿಲ್ಲ. ಆದರೆ ನನ್ನ ಕೆಲಸಕ್ಕೆ ಮೂವತ್ತಾರು ಒಂದು ವಯಸ್ಸೇ ಅಲ್ಲ. ಫುಟ್‌ಬಾಲ್ ಆಡೋನಿಗೆ ಅದು ಹೆಚ್ಚುಕಮ್ಮಿ ರಿಟೈರ್‌ಮೆಂಟು. ಆಡೋದೇ ಹತ್ತು ಹದಿನೈದು ವರ್ಷ, ಅದರಲ್ಲಿ ಅರ್ಧ ವರ್ಷ ಹೋದರೆ ಯಾರು ವಾಪಸ್ ಕೊಡ್ತಾರೆ? ಸ್ಟಾರ್ ಆಟಗಾರರು ಹೇಗೋ ತಡ್ಕೊಳ್ತಾರೆ. ಮಸಾಜ್ ಮಾಡೋರು, ಕಿಟ್ ನೋಡ್ಕೊಳ್ಳೋರು ಏನು ಮಾಡ್ಬೇಕು?

ಇದು ಬೆಂಗಳೂರಿನವರ ಕಷ್ಟ, ಬಳ್ಳಾರಿಗೇನು ಅನ್ನಬೇಡಿ. ಇಲ್ಲಿಂದ ಹೊಸಪೇಟೆ ದಾರಿಯಲ್ಲಿ ಸುಮಾರು 30 ಕಿ.ಮೀ. ಹೋದರೆ ತೋರಣಗಲ್ಲು. ಅಲ್ಲಿ ಜಿಂದಾಲ್‌ನ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ನೆಲೆ ಮಾಡಿದ್ದು ಅಲ್ಲೇ. ನಮ್ಮ ಬಿಸಿಲಲ್ಲೇ ಓಡಿ ತಯಾರಾಗೋ ಹುಡುಗರು ಅವರು. ಯುವ ತಂಡಗಳಿಗೆ ತೊಂದರೆ ಇಲ್ಲ ಅಂತ ಕ್ಲಬ್ ಆಗಲೇ ಹೇಳಿತ್ತು, ಅದು ಒಳ್ಳೇದೇ. ಆದರೆ ಮೇಲಿನ ಮೆಟ್ಟಿಲೇ ಇಲ್ಲ ಅಂದಮೇಲೆ ಕೆಳಗಿನ ಮೆಟ್ಟಿಲ ಮೇಲೆ ನಿಂತ ಹುಡುಗ ಎಲ್ಲಿಗೆ ಹತ್ತಬೇಕು? ಮಗನನ್ನ ಹಾಸ್ಟೆಲಿಗೆ ಬಿಟ್ಟು ಬಂದ ಅಪ್ಪ ಅಮ್ಮ "ವಾಪಸ್ ಬಾರಪ್ಪ, ಡಿಪ್ಲೊಮಾ ಮಾಡು" ಅನ್ನೋಕೆ ಇಷ್ಟು ಸಾಕು.

ಆ ದಿನ ಮಧ್ಯಾಹ್ನ ಅಪ್ಪನೂ ಊರಿಂದ ಬಂದಿದ್ದರು. ನಮ್ಮದು ಸಿರುಗುಪ್ಪ ಕಡೆ, ಎಲ್‌ಎಲ್‌ಸಿ ಕಾಲುವೆ ನೀರಲ್ಲಿ ಭತ್ತ ಬೆಳೆಯೋರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿದ್ದು ನಿಮಗೆ ನೆನಪಿರಬೇಕು. ಈಗ 33 ಗೇಟುಗಳನ್ನೂ ಬದಲಾಯಿಸಬೇಕು, ಹಾಗಾಗಿ ಈ ವರ್ಷ ಎರಡನೇ ಬೆಳೆಗೆ ನೀರಿಲ್ಲ ಅಂತ ಹೇಳಿದ್ದರು. ಅಪ್ಪನಿಗೆ ಬೇಜಾರಿತ್ತು. ಆದ್ರೂ ಒಂದು ಮಾತು ಅಂದರು: "ನೀರು ಬಿಡಲ್ಲ ಅಂತ ಹೇಳ್ಯಾರ, ಆತು, ನಾವು ಬ್ಯಾರೆ ಏನರ ನೋಡ್ಕಂತೀವಿ. ಹೇಳದಂಗ ಇದ್ದಿದ್ರ ಸಸಿಮಡಿ ಹಾಕಿ ಮುಗಿಲು ನೋಡ್ಕಂತ ಕುಂದರ್ಬೇಕಾಗಿತ್ತು."

ನನ್ನ ತಕರಾರು ಇಷ್ಟೇ. ನೀರು ನಿಂತದ್ದಕ್ಕಿಂತ, ನಿಲ್ಲುತ್ತೆ ಅಂತ ಗೊತ್ತಿದ್ದೂ ಹೇಳದೆ ಸಸಿಮಡಿ ಹಾಕಿಸಿದ್ದು ದೊಡ್ಡ ತಪ್ಪು. ಕ್ಲಬ್‌ಗಳು ಆಟಗಾರರ ಜೊತೆ ಕರಾರು ಮಾಡ್ಕೊಂಡಿದ್ದವು, ಹುಡುಗರು ಬಾಡಿಗೆ ಮನೆ ಹಿಡಿದಿದ್ದರು. ವೆಬ್‌ಸೈಟಿನ ಸರ್ಟಿಫಿಕೇಟು ಮುಗಿಯೋ ದಿನ ಮೊದಲೇ ಗೊತ್ತಿರುತ್ತೆ. ಆದ್ರೂ ಅದು ಮುಗಿದು ಸೈಟು ಬಿದ್ದರೆ ನಮ್ಮ ಆಫೀಸಿನಲ್ಲಿ ಅದನ್ನ ಯಾರೂ ಆಕಸ್ಮಿಕ ಅನ್ನಲ್ಲ, ನೋಡ್ಕೋಬೇಕಾದೋನು ಯಾರು ಅಂತ ಕೇಳ್ತಾರೆ. ಹದಿನೈದು ವರ್ಷ ಮೊದಲೇ ಗೊತ್ತಿದ್ದ ತಾರೀಖಿಗೆ ಎಐಎಫ್‌ಎಫ್‌ನಲ್ಲಿ ಹಾಗೆ ಕೇಳೋರೇ ಇರಲಿಲ್ಲ.

ಕೋರ್ಟಿನದೇ ತಪ್ಪು ಅಂತ ಕೆಲವರು ಅಂತಾರೆ. ನಾನು ಒಪ್ಪಲ್ಲ. ಸೆಪ್ಟೆಂಬರ್ 19ಕ್ಕೆ ಕೋರ್ಟ್ ಒಪ್ಪಿದ, ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಬರೆದ ಸಂವಿಧಾನ ಆಟಗಾರರಿಗೆ ಒಕ್ಕೂಟದ ಒಳಗೇ ಜಾಗ ಕೊಡುತ್ತೆ. ಮೇಲಿನ ಲೀಗು ಒಕ್ಕೂಟದ ಹಿಡಿತದಲ್ಲಿರಬೇಕು, ಸೋತವರು ಕೆಳಗಿಳಿದು ಗೆದ್ದವರು ಮೇಲೇರಬೇಕು ಅನ್ನುತ್ತೆ. ಗೇಟು ಬದಲಾಯಿಸಲೇಬೇಕಿತ್ತು. ಆದರೆ ಕೆಲಸ ನಡೆಯೋವಾಗ ಬದಲಿ ವ್ಯವಸ್ಥೆ ಏನು ಅಂತ ಕೋರ್ಟಾಗಲಿ, ಒಕ್ಕೂಟವಾಗಲಿ, ಸರ್ಕಾರವಾಗಲಿ ಬೇಸಿಗೆಯಲ್ಲೇ ಕೂತು ಮಾತಾಡಲಿಲ್ಲ. ಅಕ್ಟೋಬರ್‌ನಲ್ಲಿ ಟೆಂಡರ್ ಕರೆದರು, ಮತ್ತೆ 15 ವರ್ಷಕ್ಕೆ, ವರ್ಷಕ್ಕೆ ಕನಿಷ್ಠ 37.5 ಕೋಟಿ ಕೊಡಬೇಕು ಅಂತ. ನವೆಂಬರ್ 7ಕ್ಕೆ ಗಡುವು ಮುಗಿದಾಗ ಒಬ್ಬರೂ ಬಿಡ್ ಹಾಕಿರಲಿಲ್ಲ. ಸಂತೆಯಲ್ಲಿ ಎತ್ತಿಗೆ ಯಾರೂ ಬೆಲೆ ಕಟ್ಟದೇ ಹೋದ್ರೆ, ತಪ್ಪು ಎತ್ತಿನದೋ, ಹೇಳಿದ ರೇಟಿನದೋ ಅಂತ ಯಜಮಾನ ಯೋಚಿಸ್ಬೇಕು.

ಕ್ಲಬ್‌ಗಳೂ ಅಮಾಯಕರಲ್ಲ. ಬಾಗಿಲು ಮುಚ್ಚಿದ ಲೀಗಿನಲ್ಲಿ ಯಾರೂ ಕೆಳಗಿಳಿಯಲ್ಲ ಅನ್ನೋ ನೆಮ್ಮದಿಯಲ್ಲಿ ವರ್ಷಗಳ ಕಾಲ ಇದ್ದವರೇ ಅವರು. ನಾವು ಅಭಿಮಾನಿಗಳು? ಸೌದಿಯ ರಿಯಾದ್‌ನಲ್ಲಿ 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯದ ಹೆಸರಲ್ಲಿ ಗೆದ್ದು 54 ವರ್ಷ ಆದಮೇಲೆ ಬಂದ ಕಪ್ಪು. ಆ ತಂಡದ ಮೂವರ ಹೆಸರು ಹೇಳು ಅಂದರೆ ನಾನೇ ತಡವರಿಸ್ತೀನಿ. ಟಿವಿಯಲ್ಲಿ ಬರೋ ಒಂದೇ ಲೀಗನ್ನ ಫುಟ್‌ಬಾಲ್ ಅಂದ್ಕೊಂಡೋರು ನಾವು. ಅದು ನಿಂತಾಗ ಎಲ್ಲವೂ ನಿಂತಂಗೆ ಕಂಡಿದ್ದು ಅದಕ್ಕೇ.

ಜನವರಿ ಶುರುವಿನಲ್ಲಿ ಸುನಿಲ್ ಚೆಟ್ರಿ, ಗುರ್‌ಪ್ರೀತ್ ಸಿಂಗ್ ಸಂಧು, ಸಂದೇಶ್ ಜಿಂಗಾನ್ ಮುಂತಾದವರು ವಿಡಿಯೋ ಮಾಡಿ ಫಿಫಾಕ್ಕೆ ಮೊರೆ ಇಟ್ಟರು. ದೇಶಕ್ಕೆ ಆಡಿದವರು ತಮ್ಮ ಮನೆ ಜಗಳಕ್ಕೆ ಪರಊರಿನ ಪಂಚರನ್ನ ಕರೀಬೇಕಾಯ್ತು. ಕೆಲವೇ ದಿನಕ್ಕೆ, ಜನವರಿ 6ಕ್ಕೆ, ಕ್ರೀಡಾ ಸಚಿವ ಮನ್‌ಸುಖ್ ಮಾಂಡವಿಯ ಫೆಬ್ರವರಿ 14ರಿಂದ ಲೀಗ್ ನಡೆಯುತ್ತೆ ಅಂತ ಪ್ರಕಟಿಸಿದರು. 14 ತಂಡ, 91 ಪಂದ್ಯ. ಅಂದರೆ ಒಂದು ತಂಡಕ್ಕೆ 13. ಹಿಂದಿನ ಸೀಸನ್‌ನಲ್ಲಿ ಒಂದೊಂದು ತಂಡ ಲೀಗ್ ಹಂತದಲ್ಲೇ 24 ಆಡಿತ್ತು. ಹೆಚ್ಚುಕಮ್ಮಿ ಅರ್ಧ ಬೆಳೆ.

ಅರ್ಧ ಬೆಳೆಯಾದ್ರೂ ಬಂತಲ್ಲ ಅಂತ ಅಕ್ಕನ ಮಗನಿಗೆ ಫೋನ್ ಮಾಡಿದೆ. ಖುಷಿಯಾದ. ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಕೇಳಿದ, "ಮಾಮ, ಬರೋ ವರ್ಷ ಯಾವಾಗ?"

ನಾನು ಒಕ್ಕೂಟದವರನ್ನ ಕೇಳೋದೂ ಇದೊಂದೇ. ಯಾರ ಕೈಗೆ ಕೊಡ್ತೀರಿ, ಎಷ್ಟಕ್ಕೆ ಕೊಡ್ತೀರಿ ಅನ್ನೋದು ನಿಮ್ಮ ಲೆಕ್ಕ. ಬರೋ ಸೀಸನ್ನಿನ ಮೊದಲ ಪಂದ್ಯದ ತಾರೀಖನ್ನ ಈ ಸೀಸನ್ನಿನ ಕೊನೇ ಪಂದ್ಯಕ್ಕೆ ಮೊದಲೇ ಹೇಳಿ. ಆಗಲ್ಲ ಅಂದ್ರೆ ಆಗಲ್ಲ ಅಂತಾದ್ರೂ ಹೇಳಿ. ಜನ ಬೇರೆ ಏನಾದ್ರೂ ಬಿತ್ಕೋತಾರೆ.