ನೈದಿಲೆಯ ಏಟು

ತಮಿಳುನಾಡಿನ ಧರ್ಮಪುರಿ ಜಿಲ್ಲೆ ಹಿಂದೆ ತಗಡೂರು ನಾಡು. ಅಲ್ಲಿ ನೊಳಂಬ ಮಹೇಂದ್ರನ ಕಾಲದ ಜೈನ ಬಸದಿಯೊಂದನ್ನು ಹೇಳುವ ಕನ್ನಡ ಶಾಸನವಿದೆ. ಈ ಕಡೆಯ ಕನ್ನಡದವರಿಗೆ ಜೈನರ ಕತೆ ಹೊರಗಿನದಲ್ಲ ಎನ್ನಲು ನನಗೆ ಅಷ್ಟು ಸಾಕು.

ಅರಮನೆಯ ಮುರಿದ ದಾಂಪತ್ಯವೆಂದರೆ ನನಗೆ ಮೊದಲು ನೆನಪಾಗುವುದು 1209ರಲ್ಲಿ ಜನ್ನ ಬರೆದ ಜೈನ ಕಾವ್ಯ 'ಯಶೋಧರ ಚರಿತೆ'. ರಾಣಿ ಅಮೃತಮತಿ ಇರುಳಿನಲ್ಲಿ ಮಾವುತನ ಹಾಡು ಕೇಳಿ ಸೋಲುತ್ತಾಳೆ. ಮುಖ ನೋಡಿ ಬಂದ ಕೆಳದಿ ಅವನ ಕುರೂಪವನ್ನು ಬಣ್ಣಿಸಿದರೂ ಮನಸ್ಸು ಹಿಂದೆಗೆಯುವುದಿಲ್ಲ. ಒಂದು ರಾತ್ರಿ ತಡವಾಗಿ ಬಂದವಳನ್ನು ಮಾವುತ ಹೊಡೆಯುತ್ತಾನೆ. ಮರೆಯಲ್ಲಿ ನಿಂತ ಗಂಡ ಯಶೋಧರ ಕತ್ತಿಗೆ ಕೈಹಾಕಿ ತಡೆದುಕೊಳ್ಳುತ್ತಾನೆ. ಮರುದಿನ ಅವನು ಸರಸಕ್ಕೆಂಬಂತೆ ನೈದಿಲೆಯಿಂದ ತಟ್ಟಿದರೆ ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ! ಒಂದು ಹೂವಿನಲ್ಲಿ ಜನ್ನ ಇಡೀ ಮದುವೆಯನ್ನು ತೋರಿಸಿಬಿಡುತ್ತಾನೆ. ರೇಷ್ಮೆ, ಕಿರೀಟ, ದೀಪಗಳಿಗೆ ಖರ್ಚು ಮಾಡುವ ರಾಜಮನೆತನದ ಧಾರಾವಾಹಿಗಳಿಗೆ ಈ ಜಿಪುಣತನ ಬರಲೇ ಇಲ್ಲ.

ಮುಂದೆ ತಾಯಿ ಬಲಿ ಕೊಡಲು ಹೇಳಿದಾಗ ಯಶೋಧರ ಹಿಂಸೆ ಬೇಡವೆಂದು ಹಿಟ್ಟಿನ ಕೋಳಿಯನ್ನು ಬಲಿ ಕೊಡಲು ಹೋದರೆ ಅದು ಕೂಗುತ್ತದೆ. ಕೊನೆಗೆ ರಾಣಿ ಔತಣದಲ್ಲಿ ಅತ್ತೆಗೂ ಗಂಡನಿಗೂ ವಿಷ ಬಡಿಸುತ್ತಾಳೆ.

ಗಿರೀಶ ಕಾರ್ನಾಡರು ಈ ಕತೆಯನ್ನೇ 'ಹಿಟ್ಟಿನ ಹುಂಜ' ನಾಟಕವಾಗಿಸಿದರು. ಜನ್ನನಲ್ಲಿ ಪಾಪಿಯಾದ ರಾಣಿ ಇಲ್ಲಿ ವಾದಕ್ಕೆ ನಿಲ್ಲುತ್ತಾಳೆ. ನನ್ನ ಒಲವು ಅವಳ ಕಡೆಗೇ. ಆದರೆ ಆ ನೈದಿಲೆ ಮಾತ್ರ ಜನ್ನನದೇ.