ತೆರೆದ ಗಣಿಯ 'ಅತ್ಯುತ್ತಮ' ವಿನ್ಯಾಸ: ಒಂದು ವಿಮರ್ಶೆ

ಲೋಹದ ಅದಿರಿಗಾಗಿ ತೆರೆದ ಗಣಿ ತೋಡುವಾಗ ಎಲ್ಲಿಯವರೆಗೆ ಅಗೆಯಬೇಕು, ಎಲ್ಲಿ ನಿಲ್ಲಿಸಬೇಕು? 1965ರಲ್ಲಿ ಲೆರ್ಕ್ಸ್ ಮತ್ತು ಗ್ರಾಸ್‌ಮನ್ ಇದಕ್ಕೊಂದು ಗಣಿತೀಯ ಉತ್ತರ ನೀಡಿದರು. ನಿಕ್ಷೇಪವನ್ನು ಇಟ್ಟಿಗೆಗಳಂಥ ಸಾವಿರಾರು ಖಂಡಗಳೆಂದು ಭಾವಿಸಿ, ಒಂದೊಂದಕ್ಕೂ ಲಾಭ ಅಥವಾ ನಷ್ಟದ ಬೆಲೆ ಕಟ್ಟಬೇಕು. ಕೆಳಗಿನ ಖಂಡವನ್ನು ತೆಗೆಯಲು ಮೇಲಿನ ಯಾವ ಯಾವ ಖಂಡಗಳನ್ನು ತೆಗೆಯಬೇಕೆಂದು ಗುರುತಿಸಬೇಕು. ಆಗ ಒಟ್ಟು ಲಾಭ ಗರಿಷ್ಠವಾಗುವ ಹೊಂಡದ ಆಕಾರ ದೊರೆಯುತ್ತದೆ. ಸೊಗಸಾದ ವಿಧಾನ, ಗಣಿತದಲ್ಲಿ ಲೋಪವಿಲ್ಲ. ನನ್ನ ಆಕ್ಷೇಪವಿರುವುದು ಉತ್ತರಕ್ಕೆ ಅಂಟಿಸುವ 'ಅತ್ಯುತ್ತಮ' ಎಂಬ ಹಣೆಪಟ್ಟಿಯ ಬಗ್ಗೆ.

ಮೇಲಿನ ಯಾವ ಖಂಡಗಳು ಹೋಗಬೇಕೆಂಬುದನ್ನು ನಿರ್ಧರಿಸುವುದು ಗೋಡೆಯ ಇಳಿಜಾರು ಕೋನ. ಅದನ್ನು ಗಣಿತ ಕಂಡುಹಿಡಿಯುವುದಿಲ್ಲ, ನಾವೇ ಕೊಡಬೇಕು. ಹೊಂಡವನ್ನು ತಲೆಕೆಳಗಾದ ಶಂಕುವೆಂದು ಭಾವಿಸಿ. ಆಳ ಅಷ್ಟೇ ಇದ್ದರೆ, ಗಾತ್ರವು ಕೋನದ ಕೋಟ್ಯಾಂಜೆಂಟಿನ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಕೋನವನ್ನು 45 ಡಿಗ್ರಿಯಿಂದ 40ಕ್ಕೆ ಇಳಿಸಿದರೆ ಗಾತ್ರ ಶೇಕಡಾ 42ರಷ್ಟು ಹೆಚ್ಚುತ್ತದೆ. ಹೀಗೆ ಹೆಚ್ಚಿದ್ದರಲ್ಲಿ ಬಹುಪಾಲು ಬರಿಯ ಕಲ್ಲು! ಗೋಡೆಯನ್ನು ಕಡಿದಾಗಿಸುವ ಒತ್ತಡ ಎಲ್ಲಿಂದ ಬರುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಓರೆ ಸಮತಲದ ಮೇಲಿನ ದಿಮ್ಮಿಯ ಲೆಕ್ಕವನ್ನು ನಾವು ಪಿ.ಯು.ಸಿ.ಯಲ್ಲೇ ಕಲಿಸುತ್ತೇವೆ. ಗಣಿಯ ಗೋಡೆಯ ಭೌತಶಾಸ್ತ್ರವೂ ಮೂಲತಃ ಅದೇ. ಆದರೆ ಇಲ್ಲಿ ಜಾರುವ ತಲ ಕಣ್ಣಿಗೆ ಕಾಣದು. ಬಿರುಕುಗಳಲ್ಲಿ ನೀರು ತುಂಬಿದರೆ ಅದರ ಒತ್ತಡದಿಂದ ಘರ್ಷಣೆ ಕುಗ್ಗುತ್ತದೆ. ದೂರದೂರದಲ್ಲಿ ಕೊರೆದು ತೆಗೆದ ಕೆಲವೇ ಸೆಂಟಿಮೀಟರ್ ದಪ್ಪದ ಶಿಲಾದಂಡಗಳಿಂದ ಇಡೀ ಬೆಟ್ಟದ ಬಲವನ್ನು ಊಹಿಸಬೇಕು.

ಅಮೆರಿಕದ ಯೂಟಾ ರಾಜ್ಯದ ಬಿಂಗಮ್ ಕ್ಯಾನ್ಯನ್ ತಾಮ್ರದ ಗಣಿಯಲ್ಲಿ 2013ರ ಏಪ್ರಿಲ್ 10ರ ರಾತ್ರಿ ಗೋಡೆಯೊಂದು ದುರ್ಬಲ ಪದರದ ಗುಂಟ ಎರಡು ಬಾರಿ ಜಾರಿತು. ಕೆಳಗೆ ಬಂದದ್ದು ಸುಮಾರು 15 ಕೋಟಿ ಟನ್. ಗೋಡೆಯ ಚಲನೆಯನ್ನು ರೇಡಾರ್ ಮುಂತಾದ ಉಪಕರಣಗಳಿಂದ ಅಳೆಯುತ್ತಿದ್ದುದರಿಂದ ಕೆಲಸಗಾರರನ್ನು ಮೊದಲೇ ಹೊರಗೆ ಕಳುಹಿಸಲಾಗಿತ್ತು, ಯಾರಿಗೂ ಗಾಯವಾಗಲಿಲ್ಲ. ಜೀವ ಉಳಿಸಿದ್ದು ಅಳತೆ, 'ಅತ್ಯುತ್ತಮ' ಆಕಾರವಲ್ಲ.

ಮುಂದಿನ ಹಂತ ಕಾಲಯೋಜನೆ. ಭವಿಷ್ಯದ ಹಣಕ್ಕೆ ವರ್ಷಕ್ಕೆ ಶೇಕಡಾ 10ರ ಸೋಡಿ ಹಾಕಿದರೆ, 30 ವರ್ಷಗಳ ನಂತರ ಗಣಿ ಮುಚ್ಚಲು ಬೇಕಾಗುವ 100 ರೂಪಾಯಿ ಇಂದಿನ ಲೆಕ್ಕದಲ್ಲಿ 5 ರೂಪಾಯಿ 73 ಪೈಸೆ. ಸಸಿ ನೆಡುವುದು, ಕೆಸರು ಕಾಯುವುದು, ಎಲ್ಲವೂ ಆ ಪುಡಿಗಾಸಿನಲ್ಲಿ ಅಡಗಿಹೋಗುತ್ತವೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುವುದು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಿರು ಬೇರ್ಪಡಿಸಿದ ನಂತರ ಉಳಿದ ನುಣ್ಣನೆಯ ಕೆಸರು ಮಾತ್ರ ಲಕ್ಯಾ ಅಣೆಕಟ್ಟಿನ ಹಿಂದೆ ಹಾಗೆಯೇ ಇದೆ. ಅದಕ್ಕೆ ಸೋಡಿ ಅನ್ವಯಿಸುವುದಿಲ್ಲ.

ಆದ್ದರಿಂದ ಗಣಿ ಯೋಜನೆಯ ವರದಿ ಒಂದೇ ಹೊಂಡದ ಚಿತ್ರ ಕೊಟ್ಟರೆ ಸಾಲದು. ಕೋನ 3 ಡಿಗ್ರಿ ಇಳಿದಾಗ, ಲೋಹದ ಬೆಲೆ ಬಿದ್ದಾಗ, ಸೋಡಿಯ ದರ ಅರ್ಧವಾದಾಗ ಆಕಾರ ಹೇಗೆ ಬದಲಾಗುತ್ತದೆಂದು ಕೋಷ್ಟಕದಲ್ಲಿ ತೋರಿಸಬೇಕು. ಪ್ರಯೋಗಶಾಲೆಯಲ್ಲಿ ದೋಷದ ಅಂದಾಜಿಲ್ಲದ ಫಲಿತಾಂಶಕ್ಕೆ ನಾವು ಅಂಕ ಕೊಡುವುದಿಲ್ಲವಷ್ಟೆ.